ಯೂಲೊ ನೋಡುವ ಕಡಲು

ಇಷ್ಟು ಪುಟ್ಟ ದಂಡೆಯೇ! ಬಸ್ಸಿಳಿದು ಕಡಲ ಕಡೆ ನಡೆದಾಗ ಬಾಯಿಂದ ಹೊರಟ ಮೊದಲ ಮಾತು ಇದು. ಫ್ರಾನ್ಸಿನ ಪಶ್ಚಿಮ ಕರಾವಳಿಯ ಸಾನ್-ಮಾರ್ಕ್-ಸ್ಯೂರ್-ಮೇರ್. 1953ರಲ್ಲಿ ತೆರೆಗೆ ಬಂದ ಝಾಕ್ ತಾತಿಯ 'ಮೊಸ್ಯೂ ಯೂಲೊನ ರಜಾದಿನಗಳು' ಚಿತ್ರದ ಕಡಲತೀರ ಇದೇ. ಚಿತ್ರದಲ್ಲಿ ಕಂಡ 'ಒತೆಲ್ ದ ಲಾ ಪ್ಲಾಜ್' ಈಗಲೂ ಮರಳಿಗೆ ಮುಖ ಮಾಡಿ ನಿಂತಿದೆ.

ಮೇಲಿನ ಕಟ್ಟೆಯಲ್ಲಿ ಕಂಚಿನ ಯೂಲೊ ಇದ್ದಾನೆ. ಸೊಂಟದ ಮೇಲೆ ಕೈ, ಮುಂದಕ್ಕೆ ಬಾಗಿದ ಮೈ, ನೆಟ್ಟ ನೋಟ. ತಾತಿಯೇ ಬರೆದು, ನಿರ್ದೇಶಿಸಿ, ನಟಿಸಿದ ಪಾತ್ರ. ಎಂದೂ ಹುಟ್ಟದ ಆ ಮನುಷ್ಯನ ಹೆಸರನ್ನೇ ಊರವರು ದಂಡೆಗೂ ಇಟ್ಟಿದ್ದಾರೆ!

ಅವನ ಪಕ್ಕ ನಿಂತು ನಾನೂ ನೋಡಿದೆ. ಬಿಚ್ಚದ ಕೊಡೆಯೊಂದಿಗೆ ಒಬ್ಬ ಅಪ್ಪನ ಗುದ್ದಾಟ. ಒದ್ದೆ ಟವೆಲಿನ ಮರೆಯಲ್ಲಿ ಬಟ್ಟೆ ಬದಲಿಸುವವರ ಫಜೀತಿ. ತಾತಿಯ ಹಾಸ್ಯ ಇಂಥ ಕಡೆಗಳಲ್ಲೇ ಇತ್ತು. ಚಿತ್ರದಲ್ಲೊಬ್ಬ ಪುಟ್ಟ ಹುಡುಗ ಎರಡೂ ಕೈಯಲ್ಲಿ ಐಸ್‌ಕ್ರೀಂ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಬಾಗಿಲ ಹಿಡಿ ತಿರುಗಿಸುವಾಗ ಕೋನ್ ವಾಲುತ್ತದೆ, ನಮ್ಮ ಜೀವ ಬಾಯಿಗೆ ಬರುತ್ತದೆ. ಐಸ್‌ಕ್ರೀಂ ಬೀಳುವುದಿಲ್ಲ! ಬೀಳಿಸಿದ್ದರೆ ನಗು ಸುಲಭವಾಗಿ ಸಿಗುತ್ತಿತ್ತು. ತಾತಿ ಆ ಮಗುವನ್ನು ಕಾಪಾಡಿದ. ನನ್ನ ಪಾಲಿಗೆ ಅವನ ದೊಡ್ಡತನ ಅಲ್ಲಿದೆ.

1907ರಲ್ಲಿ ಪ್ಯಾರಿಸ್ ಬಳಿಯ ಲ ಪೆಕ್‌ನಲ್ಲಿ ಹುಟ್ಟಿದವನು. ರಷ್ಯನ್ ಮೂಲದ ಪೂರ್ತಿ ಹೆಸರು ತಾತಿಶ್ಚೆಫ್. ಮನೆತನದ ಕಸುಬು ಚಿತ್ರಗಳಿಗೆ ಚೌಕಟ್ಟು ಕಟ್ಟುವುದು. ಅದನ್ನು ಬಿಟ್ಟು ರಗ್ಬಿ ಆಡಿದ, ಆಮೇಲೆ ಆಟಗಾರರ ಮೂಕಾಭಿನಯದಿಂದ ರಂಗದ ಮೇಲೆ ಹೆಸರಾದ. 1958ರ 'ಮೋನ್ ಓಂಕ್ಲ್' ಆಸ್ಕರ್ ತಂದಿತು. 1967ರ 'ಪ್ಲೇಟೈಮ್'ಗಾಗಿ ಪ್ಯಾರಿಸ್ಸಿನ ಅಂಚಿನಲ್ಲಿ ಗಾಜು, ಉಕ್ಕಿನ ನಗರವನ್ನೇ ಕಟ್ಟಿಸಿದ. ಸಾಲ ಅವನನ್ನು ನುಂಗಿತು, ತನ್ನ ಚಿತ್ರಗಳ ಹಕ್ಕುಗಳೇ ಕೈತಪ್ಪಿದವು. ಆ ನಷ್ಟ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಾಗಿದ್ದೂ 1978ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಆತ ಕ್ಯಾಮೆರಾ ಹಿಡಿದು ಇದೇ ಮರಳಿಗೆ ಮರಳಿದ! ಹಳೆಯ ಚಿತ್ರದಲ್ಲಿ ಯೂಲೊ ಕೂತ ದೋಣಿ ನಡುವೆ ಮುರಿದು ಅವನ ಮೇಲೆಯೇ ಮಡಚಿಕೊಳ್ಳುತ್ತದೆ. ಅಷ್ಟರಲ್ಲಿ ಸ್ಪೀಲ್‌ಬರ್ಗ್‌ನ ಶಾರ್ಕ್ ಚಿತ್ರ 'ಜಾಸ್' ಜಗತ್ತನ್ನೇ ನಡುಗಿಸಿತ್ತು. ಈಗ ಆ ದೋಣಿ ಬಾಯ್ದೆರೆದ ಶಾರ್ಕಿನಂತೆ ಕಾಣಬೇಕು, ದಂಡೆಯ ಜನ ಬೆದರಿ ಓಡಬೇಕು. ಅದನ್ನು ಚಿತ್ರಿಸಿ, ಇಪ್ಪತ್ತೈದು ವರ್ಷ ಹಳೆಯ ಚಿತ್ರಕ್ಕೆ ಜೋಡಿಸಿದ.