ವಠಾರದ ಮೂವರು ಗೆಳತಿಯರು

ಟಿ.ವಿ.ಯಲ್ಲಿ ‘ಗಣೇಶನ ಮದುವೆ’ ಬಂತೆಂದರೆ ಬಾಪೂಜಿ ನಗರದ ಆ ಮನೆಯಲ್ಲಿ ಹಾಲು ಉಕ್ಕುವುದು ಖಂಡಿತ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಪದವಿ ತರಗತಿಯ ಮಗಳು ಸ್ಟೌ ಆರಿಸಿ ಬಂದು ತಾಯಿಯ ಪಕ್ಕ ಕುಳಿತಳು.

ಫಣಿ ರಾಮಚಂದ್ರ ನಿರ್ದೇಶಿಸಿದ 1990ರ ಆ ಚಿತ್ರ ಯಾರಿಗೆ ಗೊತ್ತಿಲ್ಲ? ಅನಂತನಾಗ್, ವಿನಯಾ ಪ್ರಸಾದ್ ಒಂದೇ ವಠಾರದವರು. ಎದುರಾದರೆ ಜಗಳ. ಅವನು ಮನಸೋತಿರುವುದು ಶ್ರುತಿ ಎಂಬ ಗಾಯಕಿಗೆ, ಪತ್ರ ಬರೆಯುವುದೂ ಅವಳಿಗೇ. ಆ ಶ್ರುತಿ ತಾನು ದಿನವೂ ಜಗಳವಾಡುವ ಆದಿಲಕ್ಷ್ಮಿಯೇ ಎಂಬುದು ಮಾತ್ರ ಅವನಿಗೆ ತಿಳಿಯದು. ಇಂಥ ಎಳೆ ಹಾಲಿವುಡ್ಡಿನಲ್ಲೂ ಹಳೆಯದೇ. 1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ನಲ್ಲಿ ಪತ್ರಗಳಿದ್ದರೆ, 1998ರ ‘ಯೂ ಹ್ಯಾವ್ ಗಾಟ್ ಮೇಲ್’ ಹೊತ್ತಿಗೆ ಅದು ಇ-ಮೇಲ್ ಆಗಿತ್ತು.

“ಡಿ.ಪಿ. ನೋಡಿದ್ರೆ ಹತ್ತೇ ನಿಮಿಷಕ್ಕೆ ಸಿನಿಮಾ ಮುಗಿದು ಹೋಗ್ತಿತ್ತಲ್ಲಮ್ಮ!” ಎಂದಳು ಮಗಳು. ತಾಯಿಯೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಇದನ್ನ ನಾವು ಮೂರು ಜನ ಒಟ್ಟಿಗೆ ಹೋಗಿ ನೋಡಿದ್ವಿ” ಎಂದರು.

ಆಗ ಅವರಿದ್ದದ್ದೂ ಬಾಪೂಜಿ ನಗರದ ಒಂದು ವಠಾರದಲ್ಲೇ. ಎಂಟು ಮನೆ, ಒಂದೇ ನಲ್ಲಿ. ಮೂವರೂ ಪಿ.ಯು.ಸಿ. ಹುಡುಗಿಯರು. ನೀರಿನ ಸರದಿಯಲ್ಲಿ ಶುರುವಾದ ಮಾತು ಗಾಳಿ ಆಂಜನೇಯನ ಗುಡಿಗೆ ಹೋಗಿ ಬಂದರೂ ಮುಗಿಯುತ್ತಿರಲಿಲ್ಲ. ಮುಂದಿನ ಮನೆಯವಳಿಗೂ ಒಬ್ಬ ಹುಡುಗನ ಪತ್ರಗಳು ಬರುತ್ತಿದ್ದವು. ಅವು ಸೇರುತ್ತಿದ್ದುದು ನೋಟ್ ಪುಸ್ತಕದ ಬೈಂಡಿನೊಳಗೆ. ಉಳಿದಿಬ್ಬರದು ಕಾವಲಿನ ಕೆಲಸ. ಸಿನಿಮಾ ನೋಡಿ ನಕ್ಕಷ್ಟೇ ಅದಕ್ಕೂ ನಗುತ್ತಿದ್ದರು.

ಒಂದು ದಿನ ಪತ್ರ ಅವಳ ಅಪ್ಪನ ಕೈಗೆ ಸಿಕ್ಕಿತು. “ನಿಮ್ಗೂ ಗೊತ್ತಿತ್ತೇನ್ರೇ?” ಎಂದು ಹಿರಿಯರು ಕೇಳಿದಾಗ ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಮರುದಿನದಿಂದ ಆ ಮನೆಯ ಬಾಗಿಲು ಗೆಳತಿಯರಿಗೆ ಮುಚ್ಚಿತು. ಹಾಲ್ ಟಿಕೆಟ್ಟಿಗೆ ಮುಂಚೆ ಲಗ್ನಪತ್ರಿಕೆ ಬಂತು. ಮೂವರಲ್ಲಿ ಲೆಕ್ಕಕ್ಕೆ ಅವಳೇ ಜಾಣೆ. ಆದರೆ ಅವಳೊಬ್ಬಳೇ ಪರೀಕ್ಷೆಗೆ ಕೂರಲಿಲ್ಲ.

“ಪರೀಕ್ಷೆ ಒಂದು ಬರೀಲಿ ಬಿಡಿ ಅಂತ ಅವರಪ್ಪನ ಹತ್ರ ಹೇಳಬಹುದಿತ್ತು. ನಮಗೆ ಬಾಯೇ ಬರಲಿಲ್ಲ” ಎಂದರು ತಾಯಿ. ಈ ಮಾತನ್ನು ಅವರು ಮನೆಯಲ್ಲಿ ಆಡಿದ್ದು ಇದೇ ಮೊದಲು.

ಮಗಳು ಕೇಳಿದಳು: “ಹಾಗಾದ್ರೆ ನನ್ನ ಫ್ರೆಂಡ್ಸ್ ಹತ್ರ ನಾನು ಏನು ಹೇಳ್ತೀನಿ ಅಂತ ನೀನು ಕೇಳಲ್ವಾ?”

“ಕೇಳಲ್ಲ. ಅವರನ್ನ ಮನೆಗೆ ಕರ್ಕೊಂಡು ಬಾ. ಏನಾದ್ರೂ ಆದಾಗ ನನ್ನ ಹತ್ರ ಬಂದು ಹೇಳೋಕೆ ಅವರಿಗೆ ಹೆದರಿಕೆ ಆಗಬಾರದು.”

ಹರೆಯದ ಗುಟ್ಟು ಮೊದಲು ತಲುಪುವುದು ಗೆಳತಿಯ ಕಿವಿಗೆ. ಅಪ್ಪ, ಅಮ್ಮನ ಸರದಿ ಆಮೇಲೆ. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಆ ಗೆಳತಿಗೆ ನಮ್ಮ ಮನೆಯ ಬಾಗಿಲು ತೆರೆದಿದೆಯೇ ಎಂದು ನೋಡಿಕೊಂಡರೆ ಸಾಕು.

ಈ ಭಾನುವಾರ ಬಾಪೂಜಿ ನಗರದ ಆ ಮನೆಯಲ್ಲಿ ಉಪ್ಪಿಟ್ಟಿಗೆ ಎರಡು ಪಾವು ರವೆ ಹೆಚ್ಚಿಗೆ ಹುರಿಯಬೇಕಾಯಿತು.