ಬಿಟ್ಟ ಮೀನು, ಹುಟ್ಟಿದ ಮೀನು

ಅಮೆರಿಕದ ಸಿಯಾಟಲ್ ಬಳಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತಾ, ಅಲ್ಲಿ ಹವ್ಯಾಸಕ್ಕಾಗಿ ಸಾಲ್ಮನ್ ಮೀನು ಹಿಡಿಯುವವರಿಗಿರುವ ಕಟ್ಟುಪಾಡುಗಳನ್ನು ವಿವರಿಸಿದ. ಪರವಾನಗಿ ಬೇಕು; ದಿನಕ್ಕೆ ಇಷ್ಟೇ ಎಂಬ ಮಿತಿಯುಂಟು; ಹಿಡಿದದ್ದನ್ನು ಆಗಿಂದಾಗಲೇ ಚೀಟಿಯಲ್ಲಿ ಬರೆಯಬೇಕು. ಸಾಕಣೆ ಕೇಂದ್ರದಲ್ಲಿ ಬೆಳೆಸಿ ನದಿಗೆ ಬಿಡುವ ಮರಿಗಳ ಬೆನ್ನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಮೊದಲೇ ಕತ್ತರಿಸಿರುತ್ತಾರಂತೆ. ಆ ರೆಕ್ಕೆಯಿಲ್ಲದ ಮೀನನ್ನು ಮನೆಗೆ ಒಯ್ಯಬಹುದು. ರೆಕ್ಕೆಯಿದ್ದರೆ ಅದು ನದಿಯಲ್ಲೇ ಹುಟ್ಟಿದ್ದೆಂದು ತಿಳಿದು ಹಲವೆಡೆ ನೀರಿಗೇ ಬಿಡಬೇಕು. "ಮೇಷ್ಟ್ರೇ, ನಮ್ಮ ತೋವಿನಕೆರೆಯಲ್ಲಿ ಇಂಥದ್ದೇನೂ ಇರಲಿಲ್ಲ ಅಲ್ಲವೇ?" ಎಂದು ನಕ್ಕ.

ಮಿತಿ ಇರಲಿಲ್ಲ, ನಿಜ. ವ್ಯಾಜ್ಯ ಮಾತ್ರ ಧಾರಾಳವಾಗಿತ್ತು. ನಮ್ಮ ಸೀಮೆಯ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವುದು ರೂಢಿ. ಗುತ್ತಿಗೆ ಪಡೆದವರು ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡುತ್ತಾರೆ, ಕಾವಲಿಡುತ್ತಾರೆ. ನಾನು ಕೆಲಸದಲ್ಲಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ಕೋಡಿಯ ಬಳಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತಿದ್ದವನಿಂದ ಕಾವಲುಗಾರ ಗಾಳವನ್ನೂ ಎರಡು ಕುಚ್ಚುಮೀನನ್ನೂ ಕಸಿದುಕೊಂಡು, ಬೀದಿಯಲ್ಲಿ "ಕಳ್ಳ" ಎಂದು ಕೂಗಿದ್ದ. ಮೀನು ಹೋದದ್ದಕ್ಕಿಂತ ಆ ಮಾತು ಹುಡುಗನಿಗೆ ನಾಟಿತ್ತು. ಕೂಲಿ ಮಾಡುವ ಅವನ ತಾಯಿ, "ಎರಡು ಮೀನು ಸ್ವಾಮಿ, ಒಂದೊತ್ತಿನ ಸಾರಿಗೆ" ಎಂದಷ್ಟೇ ಹೇಳಿದರು.

ಗುತ್ತಿಗೆದಾರರನ್ನು ಕಂಡೆ. ಹಣ ಕಟ್ಟಿದವನು ನಾನು, ಒಬ್ಬನಿಗೆ ಬಿಟ್ಟರೆ ಊರಿಗೂರೇ ಬರುತ್ತದೆ ಎಂದರು. ಅದನ್ನು ತೀರ ತಳ್ಳಿಹಾಕುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ನಷ್ಟವೂ ಅವರದೇ. ಆದರೆ ಕುಚ್ಚುಮೀನನ್ನು ಅವರು ಬಿಟ್ಟಿರಲಿಲ್ಲ. ಅದು ಕೆರೆಯ ಕೆಸರಿನಲ್ಲಿ ತಾನಾಗಿ ಹುಟ್ಟಿ ಬೆಳೆದದ್ದು. ಅದರಲ್ಲಿ ಊರಿನವರಿಗೆ ಒಂದು ಗಾಳದಷ್ಟಾದರೂ ಪಾಲು ಬೇಡವೇ ಎಂದು ಕೇಳಿದೆ. ಉತ್ತರ ಬರಲಿಲ್ಲ, ಸಂಜೆ ಗಾಳ ಮಾತ್ರ ಮರಳಿ ಬಂತು.

ಈ ಭೇದ ದೊಡ್ಡ ನೀರಿನಲ್ಲೂ ಉಂಟು. ಕಾವೇರಿಯ ಭೀಮೇಶ್ವರಿಯಲ್ಲಿ ಹವ್ಯಾಸಿಗಳು ಮಹಶೀರ್ ಹಿಡಿದು, ತೂಗಿ, ಮತ್ತೆ ನದಿಗೆ ಬಿಡುತ್ತಿದ್ದರು. ಒಂದನ್ನೂ ಒಯ್ಯದಿರುವುದೇ ಅಲ್ಲಿಯ ಮಿತಿ. ಅಷ್ಟಾದರೂ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಮಲೆನಾಡಿನ ಸಾಗರ, ಸೊರಬ ಸೀಮೆಯ ಕೆರೆಬೇಟೆಯದು ಬೇರೆ ರೀತಿ. (2024ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂದಿತು.) ಬೇಸಿಗೆಯಲ್ಲಿ ನೀರು ತಗ್ಗಿದಾಗ ದಿನ ಗೊತ್ತುಮಾಡಿ, ಕೂಣಿಯೊಂದಕ್ಕೆ ಇಷ್ಟೆಂದು ಹಣ ಪಡೆದು, ಎಲ್ಲರನ್ನೂ ಒಟ್ಟಿಗೆ ಕೆರೆಗಿಳಿಸುತ್ತಾರೆ. ಎಷ್ಟು ಸಿಕ್ಕರೂ ಅವರವರದೇ. ಮಿತಿಯಿರುವುದು ಸಲಕರಣೆಗೆ, ಸಮಯಕ್ಕೆ, ಮೀನಿನ ಎಣಿಕೆಗಲ್ಲ. ನನಗೆ ಇದು ಬಹುಮಟ್ಟಿಗೆ ಒಪ್ಪಿಗೆ. ಆದರೆ ತೋಳಿನಲ್ಲಿ ಕಸುವಿಲ್ಲದ ಮುದುಕನೂ ಗಟ್ಟಿ ಆಳಿನಷ್ಟೇ ಹಣ ಕಟ್ಟಿ, ಕಲಕಿದ ಕೆಸರಿನಲ್ಲಿ ಬರಿಯ ಕೂಣಿ ಎತ್ತಿಕೊಂಡು ದಡಕ್ಕೆ ಬಂದರೆ ಅವನಿಗೇನು ಕೊಡಬೇಕು? ಅದಕ್ಕೆ ಅಲ್ಲಿಯೂ ನಿಯಮವಿದ್ದಂತೆ ಕಾಣೆ.