ಶರೀಫರ ಕ್ಯಾಸೆಟ್ಟು ಮತ್ತು ಒಂದು ಪಾಠಾಂತರ

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು, ಪುಲಿಗೆರೆಯೂ ಒಂದು. ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಜೈನ ಶಾಸನಗಳು ಕೊಪಣವನ್ನು ಮಹಾತೀರ್ಥವೆಂದು ಕೊಂಡಾಡಿದವು. ಪಂಪನು ತನ್ನ ಭಾರತದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಆ ಮಾರ್ಗಕಾರನ ಕಾಲಕ್ಕೆ ಸರಿಸುಮಾರು ಸಾವಿರ ವರ್ಷಗಳ ಅನಂತರ, 1819ರಲ್ಲಿ, ಲಕ್ಷ್ಮೇಶ್ವರಕ್ಕೆ ದೂರವಲ್ಲದ ಶಿಶುನಾಳದಲ್ಲಿ ಶರೀಫರು ಹುಟ್ಟಿದರು. ಅವರ ಪದಗಳು ಪುಲಿಗೆರೆಯ ಸೀಮೆಯಿಂದ ಕೊಪಣದ ಸೀಮೆಗೆ ಬರಲು ಗದಗನ್ನು ಹಾಯ್ದು ನೇರವಾದ ದಾರಿಯಿದೆ. ಏಕತಾರಿ ಹಿಡಿದವರು, ಜಾತ್ರೆಗೆ ಹೊರಟವರು, ಭಜನೆಯ ಮೇಳದವರು ಆ ದಾರಿಯಲ್ಲಿಯೇ ಅವನ್ನು ಹೊತ್ತು ತಂದರು. ಆದರೆ 1990ರ ಸುಮಾರಿಗೆ ಕೊಪ್ಪಳದಲ್ಲಿ ಕಾಲೇಜು ಓದುತ್ತಿದ್ದ ತರುಣರ ಕಿವಿಗೆ ಶರೀಫರು ಬಿದ್ದದ್ದು ಬೆಂಗಳೂರನ್ನು ಸುತ್ತಿ ಬಂದ ಮೇಲೆ, ಕ್ಯಾಸೆಟ್ಟಿನೊಳಗೆ ಕುಳಿತು.

ಅಂಥ ನಾಲ್ವರು ತರುಣರು ಆಗ ಕೊಪ್ಪಳದಲ್ಲಿ ಒಂದು ಬಾಡಿಗೆಯ ಖೋಲಿಯಲ್ಲಿದ್ದರು. ಒಬ್ಬನು ಅದೇ ಊರಿನವನಾದರೂ ಮನೆಯಲ್ಲಿ ಇರುವುದಕ್ಕಿಂತ ಖೋಲಿಯಲ್ಲಿ ಇರುವುದೇ ಹೆಚ್ಚು. ಉಳಿದವರು ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯವರು. ನಾಲ್ಕೂ ತಾಲೂಕುಗಳು ಆಗ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಈಗ ನಾಲ್ವರಿಗೂ ಐವತ್ತೈದರ ಆಸುಪಾಸು. ಕೊಪ್ಪಳದವರು ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ. ಗಂಗಾವತಿಯವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಕುಷ್ಟಗಿಯವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಯಲಬುರ್ಗಾದವರು ಎರೆಹೊಲದಲ್ಲಿ ಜೋಳ, ಕಡಲೆ ಬೆಳೆಯುತ್ತಾರೆ. ಕಳೆದ ದೀಪಾವಳಿಯ ಮರುವಾರ ಅಂಗಡಿಯವರು ಖೋಲಿಯ ಕಾಲದ ಟೇಪ್ ರೆಕಾರ್ಡರಿಗೆ ಹೊಸ ರಬ್ಬರ್ ಬೆಲ್ಟು ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೂವರಿಗೂ ಫೋನು ಮಾಡಿದರು. "ಶರೀಫ ಅಜ್ಜ ಮತ್ತ ಮಾತಾಡ್ಲಿಕ್ಕೆ ಹತ್ಯಾನ, ಬರ್ರಿ" ಎಂದಷ್ಟೇ ಹೇಳಿದರು.

ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' 1990ರ ಚಿತ್ರ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ನಟಿಸಿದರು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಸಂಗೀತ ಸಿ. ಅಶ್ವತ್ಥ್ ಅವರದು. ಚಿತ್ರಕ್ಕೆ ಮುನ್ನವೇ ಅಶ್ವತ್ಥರೂ ಶಿವಮೊಗ್ಗ ಸುಬ್ಬಣ್ಣನವರೂ ಶರೀಫರನ್ನು ಸುಗಮ ಸಂಗೀತದ ವೇದಿಕೆಗೆ ತಂದಿದ್ದರು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಈ ಪದಗಳ ಪರಿಚಯಕ್ಕಾಗಿ ಪಟ್ಟ ಶ್ರಮದಿಂದ 'ಶರೀಫ ಭಟ್ಟ'ರೆಂದೇ ಕರೆಸಿಕೊಂಡರು. ಆದರೂ ಹಳ್ಳಿಹಳ್ಳಿಯ ಪಾನ್ ಅಂಗಡಿಯವರೆಗೆ, ಟೆಂಪೊ ಡ್ರೈವರನ ತಲೆಯ ಮೇಲಿನ ಪೆಟ್ಟಿಗೆಯವರೆಗೆ ಅವು ಮುಟ್ಟಿದ್ದು ಕ್ಯಾಸೆಟ್ಟಿನಿಂದ. ಗವಿಮಠದ ಜಾತ್ರೆಯ ಸಾಲಿನಲ್ಲಿ ಕೊಂಡವರಿದ್ದರು. ಕೊಳ್ಳಲಾಗದವರು ಖಾಲಿ ಕ್ಯಾಸೆಟ್ಟು ಕೊಟ್ಟು ಹಾಡು ತುಂಬಿಸಿಕೊಂಡರು. ಖೋಲಿಯವರದು ಎರಡನೆಯ ಬಗೆ. ಅಂಗಡಿಯವರ ಪೆಟ್ಟಿಗೆಯಲ್ಲಿ ಉಳಿದಿದ್ದ ಆ ಅರವತ್ತು ನಿಮಿಷದ ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ 'ಶರೀಫ' ಎಂದು ಬರೆದದ್ದು ಮಸುಕಾಗಿ, ಈಗ 'ರೀ' ಮಾತ್ರ ಓದಲು ಬರುತ್ತದೆ.

ಒಗ್ಗರಣಿ, ಮಿರ್ಚಿ ತರಿಸಿ ನಾಲ್ವರೂ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕುಳಿತರು. ಮೊದಲ ಹಾಡು ಮುಗಿಯುವ ಮುನ್ನವೇ ಎರಡನೆಯದರ ಆರಂಭದ ಸ್ವರ ಎಲ್ಲರ ಗಂಟಲಿಗೂ ಬಂದಿತ್ತು. ಹಾಡುಗಳ ಅನುಕ್ರಮವನ್ನು ಬುದ್ಧಿ ಮರೆತಿದ್ದರೂ ಕಿವಿ ಮರೆತಿರಲಿಲ್ಲ. ಒಂದು ಕಡೆ ಟೇಪು ತುಸು ಜಗ್ಗಿ ಧ್ವನಿ ಅಳ್ಳಕವಾಗುತ್ತದೆ. ಅಂದು ಸುರುಳಿ ಹೊರಗೆ ಬಂದು, ಪೆನ್ಸಿಲ್ ತೂರಿಸಿ ಸುತ್ತಿದ ಜಾಗ ಅದು. ಆ ಜಾಗ ಬಂದೊಡನೆ ಗಂಗಾವತಿಯವರು, "ಇಲ್ಲೇ ಇವ ಚಹಾ ಚೆಲ್ಲಿದ್ದ" ಎಂದು ಕುಷ್ಟಗಿಯ ಹೆಡ್‌ಮಾಸ್ತರರನ್ನು ತೋರಿಸಿದರು. ಮೂವತ್ತೈದು ವರ್ಷಗಳ ಹಿಂದಿನ ಆರೋಪವನ್ನು ಮಾಸ್ತರರು ಈಗಲೂ ಒಪ್ಪಲಿಲ್ಲ.

ಇಪ್ಪತ್ತರ ವಯಸ್ಸಿನಲ್ಲಿ ಅವರಿಗೆ ಅತಿ ಪ್ರಿಯವಾಗಿದ್ದುದು ಕೋಡಗನ ಪದ. ಒಂದನ್ನೊಂದು ನುಂಗುವ ಪ್ರಾಣಿ, ವಸ್ತುಗಳ ಆ ಬೆಡಗು ಅವರಿಗೆ ಆಗ ಕೇವಲ ವಿನೋದ. ಪರೀಕ್ಷೆಯ ಹಿಂದಿನ ರಾತ್ರಿ ಅದಕ್ಕೆ ತಮ್ಮದೇ ಸಾಲುಗಳನ್ನು ಕಟ್ಟಿ ಹಾಡಿ, ಮನೆಯ ಮಾಲಕರಿಂದ ಬೈಸಿಕೊಂಡಿದ್ದರು. ಈ ಸಲ ಅದು ಬಂದಾಗ ನಕ್ಕರು. ಮುಂದೆ ಮಾಳಿಗೆ ಸೋರುವ ಪದ ಬಂದಾಗ ಯಾರೂ ಮಾತಾಡಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹುಟ್ಟಿದವರಿಗೆ ಆ ಪದದ ವಾಚ್ಯಾರ್ಥವನ್ನು ವಿವರಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುನ್ನ ಮೇಲೆ ಮಣ್ಣು ಹಾಕದಿದ್ದರೆ ರಾತ್ರಿಯಿಡೀ ಹಾಸಿಗೆ ಎಳೆದಾಡುತ್ತ, ತಟ್ಟೆ, ಚರಿಗೆ ಇಡುತ್ತ ಕಳೆಯಬೇಕು. ಈಗ ನಾಲ್ವರದೂ ಆರ್‌ಸಿಸಿ ಮನೆ. ಆದರೆ ಅವರಲ್ಲೊಬ್ಬರಿಗೆ ಎದೆಯ ಆಪರೇಷನ್ ಆಗಿದೆ, ಇನ್ನೊಬ್ಬರ ಪತ್ನಿ ತೀರಿಕೊಂಡಿದ್ದಾರೆ. ಪದದ ಎರಡನೆಯ ಅರ್ಥ ತಾನಾಗಿಯೇ ಮನೆಯೊಳಗೆ ಬಂದು ಕುಳಿತಿತ್ತು. ತತ್ತ್ವಪದಗಳ ವ್ಯಾಖ್ಯಾನಕ್ಕೆ ಪುಸ್ತಕಗಳು ಬೇಕಾದಷ್ಟಿವೆ. ವಯಸ್ಸಿನಂಥ ಟೀಕಾಕಾರ ಇನ್ನೊಬ್ಬನಿಲ್ಲ.

ಯೌವನದ ಹಾಡಿನ ಕಟ್ಟನ್ನು ಮತ್ತೆ ಬಿಚ್ಚಿ ನೋಡುವ ಈ ಹಂಬಲ ಎಲ್ಲ ಕಡೆಯೂ ಇದ್ದದ್ದೇ. ಇಂಗ್ಲೆಂಡಿನಲ್ಲಿ 1990ರ ದಶಕದ ನಡುವೆ ಬ್ಲರ್, ಓಯಸಿಸ್ ಎಂಬ ತಂಡಗಳ ಆಲ್ಬಮ್ಮುಗಳು ಒಂದು ತಲೆಮಾರನ್ನೇ ಕುಣಿಸಿದವು. 2025ರಲ್ಲಿ ಓಯಸಿಸ್‌ನ ಜಗಳವಾಡಿ ಅಗಲಿದ್ದ ಅಣ್ಣತಮ್ಮಂದಿರು ಮತ್ತೆ ಒಂದೇ ವೇದಿಕೆ ಏರಿದಾಗ, ತಲೆ ನರೆತ ಅಭಿಮಾನಿಗಳು ಮಕ್ಕಳನ್ನು ಕಟ್ಟಿಕೊಂಡು ಹೋಗಿ ಅತ್ತರು, ಹಾಡಿದರು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಆಲ್ಬಮ್ಮೇ ಮೂಲಪ್ರತಿ. ಅದರ ಹಿಂದೆ ಇನ್ನೊಂದು ಪ್ರತಿಯನ್ನು ಹುಡುಕುವ ಅಗತ್ಯವಿಲ್ಲ. ಕೊಪ್ಪಳದ ಗೋದಾಮಿನಲ್ಲಿ ತಿರುಗುತ್ತಿದ್ದ ಕ್ಯಾಸೆಟ್ಟು ಹಾಗಲ್ಲ. ಅದು ನೂರು ವರ್ಷಗಳಿಗೂ ಮೀರಿ ಬಾಯಿಂದ ಬಾಯಿಗೆ ಬಂದ ಪದಗಳ ಬಹು ಈಚಿನ ಒಂದು ಪ್ರತಿ.

ಈ ಮಾತನ್ನು ಗೋದಾಮಿನಲ್ಲಿ ಎತ್ತಿದವರು ಯಲಬುರ್ಗಾದ ರೈತರು. ಎತ್ತಿದರೆಂಬುದೂ ಸರಿಯಲ್ಲ. ತಂಬೂರಿಯ ಪದ ಬಂದಾಗ ಅವರು ಎದ್ದು ಹೊರಗೆ ಹೋದರು. ಅದು ಮುಗಿದ ಮೇಲೆ ಒಳಗೆ ಬಂದು, ಯಾರೂ ಕೇಳದಿದ್ದರೂ ಹೇಳಿದರು.

ಅವರ ತಂದೆ ಊರಿನ ಭಜನೆಯ ಮೇಳದಲ್ಲಿ ಹಾಡುತ್ತಿದ್ದರು. ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ, ಅಮಾವಾಸ್ಯೆಗೆ ಮಠದಲ್ಲಿ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ. ಶರೀಫರು ಮೊಹರಮ್ಮಿನ ರಿವಾಯತ್ ಪದಗಳನ್ನೂ ಕಟ್ಟಿದವರಾದ್ದರಿಂದ ಅವರಿಗೆ ಮೂರೂ ಕಡೆ ಜಾಗವಿತ್ತು. ಹಾರ್ಮೋನಿಯಂ ಇದ್ದರೆ ಇತ್ತು, ಇಲ್ಲದಿದ್ದರೆ ದಪ್ಪು, ತಾಳ, ಏಕತಾರಿ. ಒಬ್ಬರು ಒಂದು ನುಡಿ ಎತ್ತಿಕೊಟ್ಟರೆ ಉಳಿದವರು ಪಲ್ಲವಿಯನ್ನು ಸಾಕೆನಿಸುವವರೆಗೆ ತಿರುವುತ್ತಿದ್ದರು. ಒಂದೇ ಪದ ಅರ್ಧ ತಾಸು ನಡೆದದ್ದುಂಟು. 1991ರ ಬೇಸಿಗೆಯ ರಜೆಗೆ ಮಗ ಊರಿಗೆ ಹೋದಾಗ ತಂದೆ ಕಟ್ಟೆಯ ಮೇಲೆ ಕುಳಿತು ತಂಬೂರಿಯ ಪದ ಹಾಡುತ್ತಿದ್ದರು. ಬಾರಿಸಲು ಬಾರದವನು ತಂಬೂರಿ ಹಿಡಿಯಬಾರದೆಂದು ಗದರುವ ಪದವದು. ಹತ್ತೊಂಬತ್ತರ ಮಗನಿಗೆ ತಂದೆಯ ದಾಟಿ ಒರಟೆನಿಸಿತು.

"ಯಪ್ಪಾ, ಅದು ಹಂಗಲ್ಲ. ಕ್ಯಾಸೆಟ್ಟಿನ್ಯಾಗ ಬ್ಯಾರೆ ಐತಿ."

"ಹೌದೇನು? ಹಂಗಾರ ನೀನ ಹಾಡಪಾ, ಕೇಳೂಣು."

ಮಗ ಹಾಡಿದ. ತಂದೆ ತಲೆದೂಗಿ, ಚಲೋ ಐತಿ ಅಂದರು. ಆ ಮೇಲೆ ಮಗನೆದುರು ಆ ಪದವನ್ನು ಅವರು ಹಾಡಲಿಲ್ಲ. ಸಿಟ್ಟಿನಿಂದಲ್ಲ, ಓದಿದ ಮಗ ಹೇಳಿದ್ದು ಸರಿಯಿರಬೇಕೆಂದು ನಂಬಿ. ಅವರು ತೀರಿಹೋಗಿ ಇಪ್ಪತ್ತು ವರ್ಷ ದಾಟಿತು. "ಈಗ ಅವರ ದಾಟಿ ನೆನೀಬೇಕಂತ ಕುಂದರತೀನಿ. ಬಾಯಿ ತೆಗೆದ್ರ ಅಶ್ವತ್ಥರದ ಬರ್ತದ" ಎಂದರು ರೈತರು.

ಇದರಲ್ಲಿ ಅಶ್ವತ್ಥರ ತಪ್ಪೇನೂ ಇಲ್ಲ. ಹಳೆಯ ಮೈಸೂರಿನ ಕಡೆಯ ಆ ಐಟಿಐ ನೌಕರರು ಉತ್ತರದ ಕನ್ನಡವನ್ನು ಅಂಥ ಕಸುವಿನಿಂದ ಹಾಡಿದ್ದರಿಂದಲೇ ಶರೀಫರು ಮೈಸೂರಿಗೂ ಮಂಗಳೂರಿಗೂ ಅಮೆರಿಕದ ಕನ್ನಡ ಮನೆಗಳಿಗೂ ಹೋದರು. ಆ ಕ್ಯಾಸೆಟ್ಟು ಇಲ್ಲದಿದ್ದರೆ ಖೋಲಿಯ ನಾಲ್ವರೂ ಶರೀಫರನ್ನು ಮುದುಕರ ಹಾಡೆಂದು ಬಿಟ್ಟುಬಿಡುತ್ತಿದ್ದರೇನೋ. ಆದರೆ ಗ್ರಂಥಸಂಪಾದನೆ ಮಾಡಿದವರೆಲ್ಲ ಬಲ್ಲ ಒಂದು ಸಂಗತಿಯಿದೆ. ಓಲೆಗರಿಯ ಕಾವ್ಯವೊಂದಕ್ಕೆ ಸೊಗಸಾದ ಅಚ್ಚಿನ ಪ್ರತಿ ಬಂದ ಮೇಲೆ, ಮನೆಮನೆಯ ಓಲೆಗಳು ಅಟ್ಟಕ್ಕೆ ಸೇರುತ್ತವೆ, ಅಲ್ಲಿಂದ ಹೊಳೆಗೆ. ಸಂಪಾದಕನು ಅವನ್ನು ಹೊಳೆಗೆ ಹಾಕೆಂದು ಹೇಳಿರುವುದಿಲ್ಲ. ಒಳ್ಳೆಯ ಸಂಪಾದಕನಾದರೆ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸುತ್ತಾನೆ. ಕ್ಯಾಸೆಟ್ಟಿಗೆ ಅಡಿಟಿಪ್ಪಣಿಯಿಲ್ಲ. ಒಂದು ಮಗ್ಗುಲಿಗೆ ಅರ್ಧ ತಾಸು. ಅದರಲ್ಲಿ ಐದಾರು ಪದ ಕೂಡಿಸಬೇಕು. ಹಾಡುವವರು ನುಡಿಗಳನ್ನು ಆರಿಸಲೇಬೇಕು, ಒಂದು ದಾಟಿಯನ್ನು ನಿಲ್ಲಿಸಲೇಬೇಕು. ನಿಂತ ದಾಟಿಯನ್ನು ಕೇಳುಗರು ಮೂಲವೆಂದು ತಿಳಿದರು. ತಂದೆಯನ್ನು ತಿದ್ದಿದ ಮಗ ಒಬ್ಬನೇ ಇರಲಾರ. ಆ ವರ್ಷಗಳಲ್ಲಿ ಎಷ್ಟು ಕಟ್ಟೆಗಳ ಮೇಲೆ ಈ ಸಂಭಾಷಣೆ ನಡೆದಿರಬೇಕು.

ಕುಷ್ಟಗಿಯ ಮಾಸ್ತರರು ಸುಮ್ಮನೆ ಕೂಡುವವರಲ್ಲ. ತಮ್ಮ ತಾಲೂಕಿನ ಹಳ್ಳಿಯೊಂದರಲ್ಲಿ ಪ್ರತಿ ಅಮಾವಾಸ್ಯೆಗೆ ಭಜನೆ ಬಿಡದೆ ನಡೆಯುತ್ತದೆಂದೂ, ಎಂಬತ್ತು ದಾಟಿದ ಅಜ್ಜನೊಬ್ಬ ಎತ್ತಿಕೊಡುತ್ತಾನೆಂದೂ ಹೇಳಿ, ಮುಂದಿನ ಅಮಾವಾಸ್ಯೆಗೆ ಮೂವರನ್ನೂ ಕರೆದೊಯ್ದರು. ಗುಡಿಯಲ್ಲಿ ಹತ್ತು ಹನ್ನೆರಡು ಜನ, ಶ್ರುತಿಗೆ ಮೊಬೈಲು. ರೈತರು ಅಜ್ಜನ ಹತ್ತಿರವೇ ಕುಳಿತು ತಂಬೂರಿಯ ಪದ ಕೇಳಿದರು. ಅಜ್ಜ ಎತ್ತಿಕೊಂಡ. ಎರಡು ಸಾಲು ಹೋಗುವಷ್ಟರಲ್ಲಿ ನಾಲ್ವರೂ ಮುಖಮುಖ ನೋಡಿಕೊಂಡರು. ಕ್ಯಾಸೆಟ್ಟಿನ ದಾಟಿಯೇ; ನಡುವಿನ ವಾದ್ಯದ ತುಣುಕನ್ನೂ ಅಜ್ಜ ಬಾಯಲ್ಲಿಯೇ ತುಂಬುತ್ತಿದ್ದ. ಗಂಗಾವತಿಯವರಿಗೆ ನಗು ತಡೆಯಲಾಗಲಿಲ್ಲ. ರೈತರು ತಲೆ ತಗ್ಗಿಸಿ ಕುಳಿತರು.

ಪದ ಮುಗಿಯಿತೆಂದು ಇವರು ತಿಳಿದ ಜಾಗದಲ್ಲಿ ಅಜ್ಜ ನಿಲ್ಲಲಿಲ್ಲ. ಕ್ಯಾಸೆಟ್ಟಿನಲ್ಲಿ ಇಲ್ಲದ ಒಂದು ನುಡಿಗೆ ಹೊರಳಿದ. ಶರೀಫರದೇ ಇರಲಿ, ನಡುವೆ ಯಾರೋ ಸೇರಿಸಿದ ಪ್ರಕ್ಷಿಪ್ತವೇ ಇರಲಿ, ಅದು ಆ ಗುಡಿಯದು. ಹೊರಳಿದ ಕೂಡಲೇ ನಡೆ ಬೇರೆಯಾಯಿತು. ತಾಳ ಬಿರುಸಾಯಿತು, ಧ್ವನಿ ಮೇಲಿಂದ ಕೆಳಗೆ ಎತ್ತಿ ಹಾಕಿದಂತೆ ಬಿತ್ತು, ದಪ್ಪಿನವನು ಎಚ್ಚೆತ್ತು ಕುಳಿತ. ಅನುಸರಿಸಲು ಕ್ಯಾಸೆಟ್ಟಿನ ಮಾದರಿ ಇಲ್ಲದ ಕಡೆ ಅಜ್ಜನ ಗಂಟಲು ತನ್ನ ಹಳೆಯ ದಾರಿಗೆ ತಾನಾಗಿ ಇಳಿದಿತ್ತು. ಆ ಒಂದು ನುಡಿ ಮುಗಿದು ಪಲ್ಲವಿಗೆ ಬಂದಾಗ ಮತ್ತೆ ಅಶ್ವತ್ಥರೇ.

ರೈತರು ಅಜ್ಜನ ಕೈ ಹಿಡಿದರು. "ಅಜ್ಜಾ, ಆ ಕಡೀ ನುಡಿ ಇನ್ನೊಮ್ಮೆ ಅನ್ರಿ."

"ಯಾವ್ದಪಾ? ಎಲ್ಲಾ ಒಂದ ಅಲ್ಲೇನು?"

ಅಜ್ಜನಿಗೆ ತಾನು ಎರಡು ದಾಟಿಯಲ್ಲಿ ಹಾಡಿದ್ದು ಗೊತ್ತಿರಲಿಲ್ಲ. ಮಾಸ್ತರರು ಮೊಬೈಲು ತೆಗೆದು ರೆಕಾರ್ಡಿಗೆ ಹಚ್ಚಿದರು. ಅಜ್ಜ ಮತ್ತೆ ಮೊದಲಿನಿಂದ ಎತ್ತಿಕೊಂಡ. ರೈತರು ಪಕ್ಕದವನ ಕೈಯಿಂದ ತಾಳ ತೆಗೆದುಕೊಂಡು, ಆ ನುಡಿ ಬರುವುದನ್ನು ಕಾಯುತ್ತ ಕುಳಿತರು.